ನಗೆಯ ಹಿಂದಿನ ಬಾಕಿ ಲೆಕ್ಕ

ಕಿತ್ತೂರಿನ ಕಥೆ ಕೇಳಿ ಬೆಳೆದ ಕನ್ನಡಿಗರಿಗೆ ಥ್ಯಾಕರೆ ಎಂಬ ಹೆಸರು ಹೊಸದೇನಲ್ಲ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೈನಿಕರ ಗುಂಡಿಗೆ ಬಲಿಯಾದ. ಅವನನ್ನು ಹೊಡೆದವನು ಅಮಟೂರ ಬಾಳಪ್ಪ ಎನ್ನುತ್ತದೆ ಜನಪದ. ಲಾವಣಿಯಲ್ಲಿ, ಕಂಪನಿ ನಾಟಕದಲ್ಲಿ, 1961ರಲ್ಲಿ ಬಿ.ಆರ್. ಪಂತುಲು ತೆಗೆದ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಈ ಥ್ಯಾಕರೆ ಬರುತ್ತಾನೆ, ಅಬ್ಬರಿಸುತ್ತಾನೆ, ಸಾಯುತ್ತಾನೆ. ನಮ್ಮ ಮಟ್ಟಿಗೆ ಆ ಹೆಸರಿನ ಕಥೆ ಅಲ್ಲಿಗೆ ಮುಗಿಯುತ್ತದೆ.

ಆದರೆ ಆ ಹೆಸರಿಗೆ ಇನ್ನೊಂದು ಕಥೆಯೂ ಇದೆ. ಕಲೆಕ್ಟರ್ ಸತ್ತ ಆ ದಿನಗಳಲ್ಲಿ ಅವನ ಅಣ್ಣನ ಮಗ, 13 ವರ್ಷದ ಹುಡುಗ, ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ. ಮುಂದೆ ಆ ಹುಡುಗ, ಅಂದರೆ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ‘ವ್ಯಾನಿಟಿ ಫೇರ್’ ಎಂಬ ಕಾದಂಬರಿ ಬರೆದು ಡಿಕನ್ಸ್‌ನ ಸರಿಸಾಟಿ ಎನಿಸಿಕೊಂಡ. ಲಂಡನ್ನಿನ ಶ್ರೀಮಂತ ಸಮಾಜದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಒಂದೇ ರಾತ್ರಿಯಲ್ಲಿ ಅಷ್ಟನ್ನೂ ಕಳೆದುಕೊಳ್ಳುವ ಬೆಡಗಿಯೊಬ್ಬಳ ಕಥೆ ಅದು. ಓದಿದವರು ಹೊಟ್ಟೆ ಹಿಡಿದು ನಕ್ಕರು. ಆದರೆ ಆ ನಗೆಯನ್ನು ಬರೆದವನು ಸ್ವತಃ ಸಿರಿ ಕಳೆದುಕೊಂಡವನು ಎಂಬುದು, ಕಳೆದುಹೋದ ಆ ಸಿರಿ ಭಾರತದಿಂದಲೇ ಹೋದದ್ದು ಎಂಬುದು ಇಲ್ಲಿನ ಓದುಗರಿಗೆ ಅಷ್ಟಾಗಿ ಗೊತ್ತಿಲ್ಲ.

ಕಲ್ಕತ್ತೆಯ ಗಂಟು

ಥ್ಯಾಕರೆ ಮನೆತನಕ್ಕೆ ಈಸ್ಟ್ ಇಂಡಿಯಾ ಕಂಪನಿಯೇ ಅನ್ನದಾತ. ಕಾದಂಬರಿಕಾರನ ಅಜ್ಜ 18ನೇ ಶತಮಾನದಲ್ಲಿ ಬಂಗಾಳದ ಸಿಲ್ಹೆಟ್‌ನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ. ಅಧಿಕಾರದ ಜೊತೆಗೆ ಆನೆಗಳನ್ನು ಹಿಡಿಸಿ ಕಂಪನಿಗೇ ಮಾರುವ ವ್ಯಾಪಾರವನ್ನೂ ನಡೆಸಿ, ಕೈತುಂಬ ಗಳಿಸಿ, ಸ್ವದೇಶಕ್ಕೆ ಮರಳಿ ನೆಮ್ಮದಿಯಾಗಿ ಬದುಕಿದ. ಅವನ ಮಕ್ಕಳಲ್ಲಿ ಹಲವರು ಮತ್ತೆ ಭಾರತದ ಹಾದಿ ಹಿಡಿದರು. ಅವರಲ್ಲಿ ರಿಚ್ಮಂಡ್ ಥ್ಯಾಕರೆ ಕಲ್ಕತ್ತೆಯಲ್ಲಿ ಕಂದಾಯ ಇಲಾಖೆಯ ದೊಡ್ಡ ಹುದ್ದೆಗೇರಿದ. ಸೇಂಟ್ ಜಾನ್ ದಕ್ಷಿಣಕ್ಕೆ ಬಂದು ಕೊನೆಗೆ ಧಾರವಾಡ ಸೇರಿದ.

ರಿಚ್ಮಂಡ್‌ನ ಒಬ್ಬನೇ ಮಗ ವಿಲಿಯಂ ಹುಟ್ಟಿದ್ದು 1811ರ ಜುಲೈ 18ರಂದು, ಕಲ್ಕತ್ತೆಯಲ್ಲಿ. ಮಗುವಿಗೆ ನಾಲ್ಕು ವರ್ಷ ತುಂಬಿದ ಕೆಲವೇ ವಾರಗಳಲ್ಲಿ, 1815ರಲ್ಲಿ, ತಂದೆ ಜ್ವರದಿಂದ ತೀರಿಕೊಂಡ. ಮರುವರ್ಷ ಐದರ ಹರೆಯದ ಬಾಲಕನನ್ನು ತಾಯಿ ಕಲ್ಕತ್ತೆಯಲ್ಲೇ ಉಳಿದು ಹಡಗು ಹತ್ತಿಸಿದಳು. ದಾರಿಯಲ್ಲಿ ಹಡಗು ಸೇಂಟ್ ಹೆಲೆನಾ ದ್ವೀಪದಲ್ಲಿ ನಿಂತಾಗ ಜೊತೆಗಿದ್ದ ಭಾರತೀಯ ಸೇವಕ ಹುಡುಗನನ್ನು ಕರೆದೊಯ್ದು, ತೋಟದಲ್ಲಿ ಅಡ್ಡಾಡುತ್ತಿದ್ದ ಒಬ್ಬನನ್ನು ತೋರಿಸಿದ. ಆತ ಸೆರೆಯಲ್ಲಿದ್ದ ನೆಪೋಲಿಯನ್! ಯುರೋಪನ್ನೇ ನಡುಗಿಸಿದ ಚಕ್ರವರ್ತಿ ಪದಚ್ಯುತನಾಗಿ ಕಾಲಾಡಿಸುವ ಆ ನೋಟ ಬಾಲಕನ ಮನಸ್ಸಿನಲ್ಲಿ ಉಳಿಯಿತು. ಮುಂದೆ ಅವನ ದೊಡ್ಡ ಕಾದಂಬರಿಯಲ್ಲಿ ಎಲ್ಲರ ಭಾಗ್ಯವನ್ನು ತಿರುಗಿಸುವ ಘಟನೆ ವಾಟರ್ಲೂ ಯುದ್ಧವೇ ಆದದ್ದು ಆಕಸ್ಮಿಕವಿರಲಾರದು.

ತಂದೆ ಬಿಟ್ಟುಹೋದ ಆಸ್ತಿ ಮಗನ ಕೈಗೆ ಬರಬೇಕಿದ್ದುದು ಅವನಿಗೆ 21 ತುಂಬಿದಾಗ, ಅಂದರೆ 1832ರಲ್ಲಿ. ಅದು 17ರಿಂದ 20 ಸಾವಿರ ಪೌಂಡ್ ಇದ್ದಿರಬೇಕೆಂಬುದು ಸಾಮಾನ್ಯ ಅಂದಾಜು. ದುಡಿಯದೆ ಜೀವಮಾನವಿಡೀ ಕೂತು ಉಣ್ಣಲು ಆ ಕಾಲಕ್ಕೆ ಧಾರಾಳವಾಗಿ ಸಾಕಾಗುವಷ್ಟು ಹಣ. ಮುಂದೆ ಸಿರಿವಂತನಾಗಲಿರುವ ಹುಡುಗನಂತೆಯೇ ಆತ ಬೆಳೆದ. ಕೇಂಬ್ರಿಜ್ ಸೇರಿ ಪದವಿ ಪಡೆಯದೆ ಹೊರಬಂದ. ಇಸ್ಪೀಟಿನ ಮೇಜಿನಲ್ಲಿ ನುರಿತ ಜೂಜುಕೋರರ ಕೈಗೆ ಸಿಕ್ಕಿ ಸಾಕಷ್ಟು ಕಳೆದ. ಪತ್ರಿಕೆ ನಡೆಸುವ ಹುಮ್ಮಸ್ಸಿನಲ್ಲಿ 1833ರಲ್ಲಿ ‘ನ್ಯಾಷನಲ್ ಸ್ಟ್ಯಾಂಡರ್ಡ್’ ಎಂಬ ವಾರಪತ್ರಿಕೆ ಕೊಂಡ, ಅದು ಬೇಗನೆ ಮುಚ್ಚಿತು. ಇವೆಲ್ಲ ಅವನೇ ಮಾಡಿಕೊಂಡ ತಪ್ಪುಗಳು. ದೊಡ್ಡ ಪೆಟ್ಟು ಮಾತ್ರ ಸಾವಿರಾರು ಮೈಲಿ ದೂರದ ಕಲ್ಕತ್ತೆಯಿಂದ ಬಂತು.

ಏಜೆನ್ಸಿ ಮನೆಗಳ ಪತನ

ಆಗಿನ ಕಲ್ಕತ್ತೆಯಲ್ಲಿ ‘ಏಜೆನ್ಸಿ ಹೌಸ್’ ಎಂಬ ವ್ಯಾಪಾರಿ ಸಂಸ್ಥೆಗಳಿದ್ದವು. ಕಂಪನಿಯ ನೌಕರರು, ಸೈನ್ಯಾಧಿಕಾರಿಗಳು ತಮ್ಮ ಉಳಿತಾಯವನ್ನು ಅವುಗಳಲ್ಲಿ ಇಡುತ್ತಿದ್ದರು. ಇಂಗ್ಲೆಂಡಿನಲ್ಲಿ ಸಿಗದಷ್ಟು ಬಡ್ಡಿ ಅಲ್ಲಿ ಸಿಗುತ್ತಿತ್ತು. ಈ ಸಂಸ್ಥೆಗಳು ಒಂದೇ ಸೂರಿನಡಿ ಬ್ಯಾಂಕು, ವಿಮೆ, ಹಡಗು, ರಫ್ತು ಎಲ್ಲವನ್ನೂ ನಡೆಸುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಹಣ ಹಾಕಿದ್ದು ನೀಲಿ ಬೆಳೆಯ ಮೇಲೆ. ಬಂಗಾಳದ ರೈತ ಬೆಳೆದ ನೀಲಿ ಯುರೋಪಿನ ಬಟ್ಟೆ ಗಿರಣಿಗಳಿಗೆ ಹೋಗುತ್ತಿತ್ತು, ಅದರ ಲಾಭದಲ್ಲಿ ಲಂಡನ್ನಿನ ವಿಧವೆಯರಿಗೂ ಅನಾಥ ಮಕ್ಕಳಿಗೂ ಬಡ್ಡಿ ಸಂದಾಯವಾಗುತ್ತಿತ್ತು.

1820ರ ದಶಕದ ಕೊನೆಯಲ್ಲಿ ನೀಲಿಯ ಬೆಲೆ ಬಿತ್ತು. ಬರ್ಮಾ ಯುದ್ಧದ ಖರ್ಚಿನಿಂದ ಕಲ್ಕತ್ತೆಯ ಪೇಟೆಯಲ್ಲಿ ಹಣದ ಬಿಗಿ ಮೊದಲೇ ಇತ್ತು. ಠೇವಣಿ ಇಟ್ಟವರು ಹಿಂದಕ್ಕೆ ಕೇಳತೊಡಗಿದರೆ ಕೊಡಲು ನಗದಿಲ್ಲ, ಇದ್ದದ್ದೆಲ್ಲ ನೀಲಿ ತೋಟಗಳಲ್ಲಿ ಸಿಕ್ಕಿಕೊಂಡಿತ್ತು. 1830ರ ಜನವರಿಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಪಾಮರ್ ಅಂಡ್ ಕಂಪನಿ ಬಾಗಿಲು ಹಾಕಿತು. ಅಲ್ಲಿಂದ 1834ರ ಆರಂಭದೊಳಗೆ ಅಲೆಕ್ಸಾಂಡರ್, ಮ್ಯಾಕಿಂಟಾಷ್, ಕೋಲ್ವಿನ್, ಫರ್ಗ್ಯೂಸನ್, ಕ್ರಟೆಂಡನ್ ಸಂಸ್ಥೆಗಳು ಸಾಲಾಗಿ ಉರುಳಿದವು. ಆಗ ಇಂಗ್ಲೆಂಡಿನಲ್ಲಿದ್ದ ರಾಜಾ ರಾಮಮೋಹನ ರಾಯರೂ ಈ ಪತನದಿಂದ ಹಣದ ಮುಗ್ಗಟ್ಟಿಗೆ ಸಿಲುಕಿದರು. 1833ರ ಸೆಪ್ಟೆಂಬರ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಅವರು ನಿಧನರಾದಾಗ ಆ ಚಿಂತೆ ಇನ್ನೂ ಕಳೆದಿರಲಿಲ್ಲ.

ಯುವಕ ಥ್ಯಾಕರೆಯ ಪಿತ್ರಾರ್ಜಿತದ ಬಹುಪಾಲು ಈ ಸುಳಿಯಲ್ಲೇ ಮುಳುಗಿತು. 1833ರ ಅಂತ್ಯಕ್ಕೆ ಅವನು ದುಡಿದು ತಿನ್ನಬೇಕಾದ ಮನುಷ್ಯನಾಗಿದ್ದ. ವಯಸ್ಸು 22.

ಚಿತ್ರಕಾರನಾಗಲು ಪ್ಯಾರಿಸ್ಸಿನಲ್ಲಿ ಪ್ರಯತ್ನಿಸಿದ, ಆಗಲಿಲ್ಲ. 1836ರಲ್ಲಿ ಇಸಬೆಲ್ಲಾ ಶಾ ಎಂಬ ಯುವತಿಯನ್ನು ಮದುವೆಯಾದ. ಅದೇ ವರ್ಷ ಮನೆಯವರ ಹಣ ಹಾಕಿ ಆರಂಭಿಸಿದ ‘ಕಾನ್‌ಸ್ಟಿಟ್ಯೂಷನಲ್’ ದಿನಪತ್ರಿಕೆ ಮರುವರ್ಷವೇ ನಿಂತಿತು. ಹುಟ್ಟಿದ ಮೂವರು ಹೆಣ್ಣುಮಕ್ಕಳಲ್ಲಿ ಒಂದು ಮಗು ತೀರಿಕೊಂಡಿತು. 1840ರಲ್ಲಿ ಮೂರನೆಯ ಹೆರಿಗೆಯ ನಂತರ ಹೆಂಡತಿಯ ಮನಸ್ಸಿನ ಸ್ತಿಮಿತ ತಪ್ಪಿತು. ಐರ್ಲೆಂಡಿಗೆ ಹೋಗುವಾಗ ಆಕೆ ಹಡಗಿನಿಂದ ಸಮುದ್ರಕ್ಕೆ ಹಾರಿದಳು. ಜೀವ ಉಳಿಯಿತು, ಬುದ್ಧಿ ಮರಳಲಿಲ್ಲ. ಗಂಡ ಸತ್ತು ಮೂವತ್ತು ವರ್ಷಗಳ ತನಕವೂ ಆಕೆ ಬೇರೆಯವರ ಆರೈಕೆಯಲ್ಲಿ ಬದುಕಿದ್ದಳು.

ಇಂಥ ಮನುಷ್ಯ ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ನಗಿಸುವ ಕೆಲಸವನ್ನು. ಬಗೆಬಗೆಯ ಕಾವ್ಯನಾಮಗಳಲ್ಲಿ ಮಾಸಪತ್ರಿಕೆಗಳಿಗೆ ಬರೆದ. ‘ಪಂಚ್’ ಹಾಸ್ಯಪತ್ರಿಕೆ ಅವನ ಮನೆ ನಡೆಸಿತು. 1846–47ರಲ್ಲಿ ಅಲ್ಲಿ ಬರೆದ ಲೇಖನಮಾಲೆಯಿಂದ ‘ಸ್ನಾಬ್’ ಎಂಬ ಪದಕ್ಕೆ ಇಂದಿನ ಅರ್ಥ ನೆಲೆಯಾಯಿತು. ಮೇಲಿನವರ ಮುಂದೆ ಬಾಲ ಅಲ್ಲಾಡಿಸಿ ಕೆಳಗಿನವರ ಮುಂದೆ ಮೂಗು ಮೇಲೆತ್ತುವ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಒಂದು ಹೆಸರು ಸಿಕ್ಕಿತು.

ಆಡಂಬರದ ಸಂತೆ

1847ರ ಜನವರಿಯಲ್ಲಿ ಹಳದಿ ರಕ್ಷಾಪುಟದ ತೆಳು ಪುಸ್ತಿಕೆಯೊಂದು ಲಂಡನ್ನಿನ ಅಂಗಡಿಗಳಿಗೆ ಬಂತು. ಬೆಲೆ ಒಂದು ಷಿಲಿಂಗ್. ತಿಂಗಳಿಗೊಂದರಂತೆ 1848ರ ಜುಲೈವರೆಗೆ 19 ಸಂಚಿಕೆಗಳಲ್ಲಿ ಹೊರಬಂದ ಈ ಧಾರಾವಾಹಿಯೇ ‘ವ್ಯಾನಿಟಿ ಫೇರ್’. ಚಿತ್ರಗಳನ್ನೂ ಥ್ಯಾಕರೆಯೇ ಬರೆದ. ಹೆಸರು ಅವನ ಸ್ವಂತದ್ದಲ್ಲ. ಜಾನ್ ಬನ್ಯನ್‌ನ 1678ರ ಧಾರ್ಮಿಕ ಕೃತಿ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಯಾತ್ರಿಕರು ಹಾದುಹೋಗುವ ಒಂದು ಊರಿದೆ. ಅಲ್ಲಿ ವರ್ಷವಿಡೀ ಸಂತೆ. ಮನೆ, ಪದವಿ, ಮಾನ, ಸುಖ ಎಲ್ಲವೂ ಮಾರಾಟಕ್ಕೆ. ಆ ಆಡಂಬರದ ಸಂತೆಯನ್ನು ಥ್ಯಾಕರೆ ಲಂಡನ್ನಿನ ನಡುಬೀದಿಯಲ್ಲಿ ಕಂಡ. ಪುಸ್ತಕಕ್ಕೆ ‘ನಾಯಕನಿಲ್ಲದ ಕಾದಂಬರಿ’ ಎಂಬ ಅಡಿಹೆಸರನ್ನೂ ಕೊಟ್ಟ.

ನಾಯಕನಿಲ್ಲದಿದ್ದರೇನು, ಬೆಕಿ ಶಾರ್ಪ್ ಇದ್ದಾಳೆ. ಬಡ ಚಿತ್ರಕಲಾ ಮೇಷ್ಟ್ರು ಮತ್ತು ನಾಟಕದ ಫ್ರೆಂಚ್ ಹುಡುಗಿಯೊಬ್ಬಳ ಮಗಳು. ಅನಾಥೆ. ಕೈಯಲ್ಲಿ ಕಾಸಿಲ್ಲ, ತಲೆಯಲ್ಲಿ ಬುದ್ಧಿ ಬೇಕಾದಷ್ಟಿದೆ. ಶಾಲೆ ಬಿಡುವ ದಿನ ದಯಪಾಲಿಸಿದ ಜಾನ್ಸನ್‌ನ ನಿಘಂಟನ್ನು ಸಾರೋಟಿನ ಕಿಟಕಿಯಿಂದ ಹೊರಕ್ಕೆಸೆದು ಹೊರಡುವ ಹುಡುಗಿ ಅವಳು. ಜೊತೆಗಿದ್ದ ಗೆಳತಿ ಅಮೀಲಿಯಾ ಸೆಡ್ಲಿ ಸಿರಿವಂತ ಷೇರು ದಲ್ಲಾಳಿಯ ಮುದ್ದಿನ ಮಗಳು.

ಬೆಕಿಯ ಮೊದಲ ಬೇಟೆ ಅಮೀಲಿಯಾಳ ಅಣ್ಣ ಜೋಸ್ ಸೆಡ್ಲಿ. ಬಂಗಾಳದ ಕಡೆಯ ‘ಬೊಗ್ಲಿವಾಲಾ’ ಎಂಬ ಕಾಲ್ಪನಿಕ ಜಿಲ್ಲೆಯ ಕಲೆಕ್ಟರ್. ಸ್ಥೂಲಕಾಯ, ಅಂಜುಬುರುಕ, ಬಣ್ಣಬಣ್ಣದ ವೇಸ್ಟ್‌ಕೋಟುಗಳ ಮರುಳ. ಅವನನ್ನು ಮೆಚ್ಚಿಸಲು ಬೆಕಿ ಊಟದ ಮೇಜಿನಲ್ಲಿ ಭಾರತದ ಸಾರೆಂದರೆ ತನಗೆ ಪ್ರಾಣ ಎಂಬಂತೆ ನಟಿಸುತ್ತಾಳೆ. ಖಾರಕ್ಕೆ ಬಾಯಿ ಉರಿಯುತ್ತದೆ. ಆಗ ಯಾರೋ ‘ಚಿಲ್ಲಿ’ ಬೇಕೆ ಎನ್ನುತ್ತಾರೆ. ‘ಚಿಲ್’ ಎಂದರೆ ಇಂಗ್ಲಿಷಿನಲ್ಲಿ ತಂಪು ತಾನೆ! ತಂಪಾದೀತೆಂದು ಅವಳು ಹಸಿಮೆಣಸಿನಕಾಯಿ ಕಚ್ಚುತ್ತಾಳೆ. ಬ್ಯಾಡಗಿಯ ನಾಡಿನವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಜೋಸ್ ಕೈಗೆ ಸಿಗುವುದಿಲ್ಲ. ಬೆಕಿ ಸರ್ ಪಿಟ್ ಕ್ರಾಲಿ ಎಂಬ ಜಿಪುಣ ಜಮೀನ್ದಾರನ ಮಕ್ಕಳಿಗೆ ಮನೆಪಾಠದವಳಾಗಿ ಹೋಗುತ್ತಾಳೆ. ಅವನ ಕಿರಿಯ ಮಗ, ಜೂಜುಕೋರ ಸೈನ್ಯಾಧಿಕಾರಿ ರಾಡನ್‌ನನ್ನು ಗುಟ್ಟಾಗಿ ಮದುವೆಯಾಗುತ್ತಾಳೆ. ಕೆಲವೇ ದಿನಗಳಲ್ಲಿ ಮುದುಕ ಸರ್ ಪಿಟ್‌ನ ಹೆಂಡತಿ ಸಾಯುತ್ತಾಳೆ, ಅವನೇ ಬಂದು ಮಂಡಿಯೂರಿ ಬೆಕಿಯ ಕೈ ಕೇಳುತ್ತಾನೆ! ಎಸ್ಟೇಟಿನ ಯಜಮಾನಿಯೇ ಆಗಬಹುದಿತ್ತಲ್ಲ ಎಂದು ಬೆಕಿ ನಿಜವಾಗಿಯೂ ಅಳುತ್ತಾಳೆ. ಇಡೀ ಪುಸ್ತಕದಲ್ಲಿ ಅವಳ ಕಣ್ಣೀರು ಅಪ್ಪಟವಾಗಿರುವುದು ಅಪರೂಪ. ಅಂಥ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಒಂದು ಪಿಯಾನೊ, ಒಂದು ಹರಾಜು

ಈ ಕಾದಂಬರಿಯಲ್ಲಿ ಎರಡು ಪತನಗಳಿವೆ. ಮೊದಲನೆಯದು ಸೆಡ್ಲಿ ಮನೆತನದ್ದು. 1815ರ ಮಾರ್ಚಿನಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡು ಫ್ರಾನ್ಸಿಗೆ ಬಂದಿಳಿದಾಗ ಸರ್ಕಾರಿ ಸಾಲಪತ್ರಗಳ ಬೆಲೆ ಕುಸಿಯುತ್ತದೆ. ಅವುಗಳ ಮೇಲೆ ಸಟ್ಟಾ ಆಡಿದ್ದ ಮುದುಕ ಸೆಡ್ಲಿ ದಿವಾಳಿ. ಅವನಿಂದಲೇ ಮೇಲೆ ಬಂದ ಗೆಳೆಯ ಆಸ್ಬರ್ನ್ ಸಾಲಗಾರರ ಪೈಕಿ ಎಲ್ಲರಿಗಿಂತ ಕಠಿಣನಾಗುತ್ತಾನೆ. ಉಪಕಾರ ಪಡೆದವನಿಗೆ ಉಪಕಾರ ಮಾಡಿದವನನ್ನು ದ್ವೇಷಿಸದೆ ಗತ್ಯಂತರವಿಲ್ಲ, ಇಲ್ಲದಿದ್ದರೆ ತಾನು ಕೃತಘ್ನ ಎಂಬುದು ತನಗೇ ಗೊತ್ತಾಗಿಬಿಡುತ್ತದೆ ಎಂಬ ಮನುಷ್ಯ ಸ್ವಭಾವವನ್ನು ಥ್ಯಾಕರೆ ಇಲ್ಲಿ ಬಿಡಿಸಿಡುತ್ತಾನೆ.

ರಸಲ್ ಸ್ಕ್ವೇರಿನ ಆ ಮನೆಯ ಹರಾಜು ಪುಸ್ತಕದ ಮರೆಯಲಾಗದ ಭಾಗಗಳಲ್ಲೊಂದು. ನಿನ್ನೆ ಅಲ್ಲೇ ಉಂಡವರು ಇಂದು ಅದೇ ಊಟದ ಮೇಜನ್ನು ಕುಟ್ಟಿ ನೋಡುತ್ತಾರೆ. ಜೋಸ್ ಆನೆಯ ಮೇಲೆ ಕೂತ ಚಿತ್ರವನ್ನು ಹರಾಜು ಕೂಗುವವನು ಎತ್ತಿ ಹಿಡಿದಾಗ ಜನ ಗೊಳ್ಳೆನ್ನುತ್ತಾರೆ. ಮೂಲೆಯಲ್ಲಿ ಅಮೀಲಿಯಾಳ ಪುಟ್ಟ ಪಿಯಾನೊ ಇದೆ. ಅವಳನ್ನು ಮೂಕವಾಗಿ ಪ್ರೀತಿಸುವ ಕ್ಯಾಪ್ಟನ್ ಡಾಬಿನ್ ಅದನ್ನು ಕೊಂಡು ಹೆಸರು ಹೇಳದೆ ಅವಳಿಗೇ ಕಳಿಸುತ್ತಾನೆ. ತಾನು ಮದುವೆಯಾಗಲಿರುವ ಜಾರ್ಜ್ ಆಸ್ಬರ್ನ್‌ನೇ ಕಳಿಸಿದ್ದೆಂದು ಅವಳು ವರ್ಷಗಟ್ಟಲೆ ನಂಬಿರುತ್ತಾಳೆ. ನಗುತ್ತ ಓದುತ್ತಿದ್ದವನ ಗಂಟಲು ಇಲ್ಲಿ ಕಟ್ಟುತ್ತದೆ.

ಇಲ್ಲದ ಆದಾಯದ ಮೇಲೆ ಬದುಕು

ಎರಡನೆಯ ಪತನ ಬೆಕಿಯದು. ವಾಟರ್ಲೂ ಯುದ್ಧದ ಗದ್ದಲದಲ್ಲಿ, ಬ್ರಸೆಲ್ಸ್‌ನಿಂದ ಓಡಿಹೋಗಲು ಹಾತೊರೆಯುತ್ತಿದ್ದ ಜೋಸ್‌ಗೆ ತನ್ನ ಎರಡು ಕುದುರೆಗಳನ್ನು ಹೇಳಿದ ಬೆಲೆಗೆ ಮಾರಿ ಅವಳು ಬಂಡವಾಳ ಕಟ್ಟಿಕೊಳ್ಳುತ್ತಾಳೆ. ಗಂಡನ ಹಳೆ ಸಾಲಗಾರರನ್ನು ಕಂಡು, ಆತ ಪರದೇಶದಲ್ಲೇ ಉಳಿದರೆ ನಿಮಗೆ ಬಿಡಿಗಾಸೂ ಇಲ್ಲ ಎಂದು ಮನವರಿಕೆ ಮಾಡಿಕೊಟ್ಟು, 1,500 ಪೌಂಡ್ ನಗದಿನಲ್ಲಿ ಅದರ ಹತ್ತು ಪಟ್ಟಿಗೂ ಮೀರಿದ ಸಾಲ ತೀರಿಸುತ್ತಾಳೆ. ವಕೀಲರೇ ತಲೆದೂಗುತ್ತಾರೆ.

ಆಮೇಲೆ ಮೇಫೇರ್ ಬಡಾವಣೆಯ ಕರ್ಜನ್ ಬೀದಿಯಲ್ಲಿ ಸಂಸಾರ. ಅಚ್ಚುಕಟ್ಟಾದ ಪುಟ್ಟ ಮನೆ, ಸಾರೋಟು, ಔತಣ, ಲಾರ್ಡುಗಳ ಸಾಲು. ಆದಾಯ ಮಾತ್ರ ಸೊನ್ನೆ. ಇದು ಹೇಗೆ ಸಾಧ್ಯ? ಆ ಕಾಲದ ಲಂಡನ್ ನಡೆಯುತ್ತಿದ್ದುದೇ ಉದ್ರಿಯ ಮೇಲೆ. ದೊಡ್ಡವರ ಮನೆಗೆ ಕಟುಕ, ಕಲ್ಲಿದ್ದಲಿನವ, ದರ್ಜಿ, ಸಾರೋಟಿನವ ಎಲ್ಲರೂ ಲೆಕ್ಕ ಬರೆದು ಸಾಮಾನು ಕೊಡುತ್ತಿದ್ದರು. ವರ್ಷಗಟ್ಟಲೆ ಕಾಯುತ್ತಿದ್ದರು. ಕೇಳಿದರೆ ಗಿರಾಕಿ ಹೋದಾನೆಂಬ ಭಯ. ಒಬ್ಬ ಲಾರ್ಡ್ ಬಂದು ಹೋಗುವುದನ್ನು ಕಂಡರೆ ಇನ್ನಷ್ಟು ಸಾಲ ಕೊಡುವ ಧೈರ್ಯ. ಹೀಗೆ ಥಳುಕೇ ಬಂಡವಾಳ.

ಆ ಮನೆಯ ಮಾಲೀಕ ರ್‍ಯಾಗಲ್ಸ್. ಕ್ರಾಲಿ ಮನೆತನದಲ್ಲಿ ಹುಡುಗನಾಗಿ ಸೇರಿ, ಬಟ್ಲರ್ ಆಗಿ, ಜೀವಮಾನದ ಉಳಿತಾಯದಿಂದ ಒಂದು ತರಕಾರಿ ಅಂಗಡಿಯನ್ನೂ ಈ ಮನೆಯನ್ನೂ ಮಾಡಿಕೊಂಡವನು. ಹಳೆಯ ಧಣಿಗಳ ಮಗ ಬಾಡಿಗೆಗೆ ಬಂದನೆಂದು ಹಿಗ್ಗಿದ. ಬಾಡಿಗೆ ಬರಲಿಲ್ಲ. ತರಕಾರಿ ಹೋಯಿತು, ದುಡ್ಡು ಬರಲಿಲ್ಲ. ಅವನ ಹೆಂಡತಿ ಅಡುಗೆಗೂ ನಿಂತಳು. ಬೆಕಿಯ ಜೊತೆಗಾರ್ತಿ ಮಿಸ್ ಬ್ರಿಗ್ಸ್ ಎಂಬ ಒಂಟಿ ಹೆಂಗಸಿನ ಉಳಿತಾಯವೂ ಈ ಹೊಂಡಕ್ಕೇ ಬಿತ್ತು. ಬೆಕಿಯ ಮೇಲೆ ಕಣ್ಣಿಟ್ಟ ಲಾರ್ಡ್ ಸ್ಟೇನ್ ಒಮ್ಮೆ ಆ ಹೆಂಗಸಿಗೆ ಎಷ್ಟು ಬಾಕಿ ಎಂದು ಕೇಳುತ್ತಾನೆ. ಬೆಕಿ ನಿಜವಾದ ಮೊತ್ತದ ಎರಡರಷ್ಟು ಹೇಳಿ ಹಣ ಪಡೆಯುತ್ತಾಳೆ. ಬ್ರಿಗ್ಸ್‌ಗೆ ಮಾತ್ರ ಅದು ಮುಟ್ಟುವುದಿಲ್ಲ.

ಮೇಲೇರುವುದಕ್ಕೂ ಮಿತಿಯಿದೆ. ಬೆಕಿ ಅರಮನೆಗೆ ಹೋಗಿ ದೊರೆಯ ಮುಂದೆ ತಲೆಬಾಗಿ ಬಂದಾಗಿದೆ. ದೊಡ್ಡ ಮನೆಯ ರಂಗದ ಮೇಲೆ ನಟಿಸಿ ಲಂಡನ್ನನ್ನೇ ಮರುಳುಮಾಡಿದ್ದಾಳೆ. ಆ ರಾತ್ರಿಯೇ ಸಾಲದ ಪ್ರಕರಣದಲ್ಲಿ ಕೋರ್ಟಿನ ಅಮೀನರು ರಾಡನ್‌ನನ್ನು ದಾರಿಯಲ್ಲೇ ಹಿಡಿಯುತ್ತಾರೆ. ಬಿಡಿಸಿಕೊಳ್ಳುವಂತೆ ಹೆಂಡತಿಗೆ ಚೀಟಿ ಕಳಿಸಿದರೆ ಮೈ ಸರಿಯಿಲ್ಲವೆಂಬ ನೆಪ ಬರುತ್ತದೆ. ಅತ್ತಿಗೆ ಹಣ ಕಟ್ಟಿ ಬಿಡಿಸುತ್ತಾಳೆ. ರಾಡನ್ ಮನೆಗೆ ಬಂದರೆ ದೀಪಗಳು ಝಗಝಗಿಸುತ್ತಿವೆ, ಮೈತುಂಬ ವಜ್ರ ಧರಿಸಿದ ಬೆಕಿ ಲಾರ್ಡ್ ಸ್ಟೇನ್ ಜೊತೆ ಕೂತಿದ್ದಾಳೆ. ಅವಳ ಪೆಟ್ಟಿಗೆಯಲ್ಲಿ ಸಾವಿರ ಪೌಂಡಿನ ನೋಟು!

ಮರುದಿನ ಬೆಳಿಗ್ಗೆ ಸುದ್ದಿ ಹರಡುವ ಮೊದಲೇ ಆಳುಗಳಿಗೆ ವಾಸನೆ ಹತ್ತಿದೆ. ಫ್ರೆಂಚ್ ದಾಸಿ ಸಿಕ್ಕಿದ್ದನ್ನು ಬಾಚಿಕೊಂಡು ಗಾಡಿ ಹತ್ತಿದ್ದಾಳೆ. ಅಡುಗೆಯವಳು ದಿವಾನಖಾನೆಯ ರೇಷ್ಮೆ ಸೋಫಾದ ಮೇಲೆ ಕಾಲು ಚಾಚಿ ಧಣಿಗಳ ಮದ್ಯ ಕುಡಿಯುತ್ತಿದ್ದಾಳೆ. ಸಂಬಳ ಎಲ್ಲಿ ಎಂದು ಎಲ್ಲರೂ ಒಟ್ಟಾಗಿ ಕೇಳುತ್ತಾರೆ. ಇದು ಪುಸ್ತಕದ ಅತ್ಯಂತ ನಗೆ ತರುವ ದೃಶ್ಯಗಳಲ್ಲೊಂದು. ಆದರೆ ಆ ಗುಂಪಿನಲ್ಲಿ ರ್‍ಯಾಗಲ್ಸ್ ಇದ್ದಾನೆ, ಅವನಿಗೆ ನಗು ಬರುವುದಿಲ್ಲ. ಅವನ ಮನೆ, ಅಂಗಡಿ ಎರಡೂ ಹೋಗುತ್ತವೆ, ಸಾಲಗಾರರ ಜೈಲು ಸೇರುವವನು ಅವನೇ.

ಇಲ್ಲಿಯೇ ಥ್ಯಾಕರೆ ಬೇರೆ ವಿಡಂಬನಕಾರರಿಂದ ಬೇರೆಯಾಗುತ್ತಾನೆ. ಸಾಲ ಮಾಡಿ ತುಪ್ಪ ತಿನ್ನುವವರನ್ನು ಗೇಲಿ ಮಾಡುವುದು ಸುಲಭ. ಆ ತುಪ್ಪದ ಹಣ ಯಾರು ಕೊಟ್ಟರು ಎಂದು ಅವನು ಕೇಳುತ್ತಾನೆ. ಬೆಕಿ ಬಿದ್ದಾಳು, ಮತ್ತೆ ಎದ್ದಾಳು. ಅವಳು ಯುರೋಪಿನ ಊರೂರು ಅಲೆದು, ಜೋಸ್‌ನನ್ನು ಮತ್ತೆ ಹಿಡಿದು, ಅವನು ಸತ್ತಾಗ ಅವನ ಜೀವವಿಮೆಯ ಪಾಲು ಪಡೆದು, ಕೊನೆಗೆ ದಾನಧರ್ಮದ ಮಳಿಗೆಯಲ್ಲಿ ಮರ್ಯಾದಸ್ಥ ಮಹಿಳೆಯಾಗಿ ನಿಲ್ಲುತ್ತಾಳೆ. ರ್‍ಯಾಗಲ್ಸ್ ಏಳುವುದಿಲ್ಲ. ಇದು ಬರೀ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ಸಾಲಕ್ಕಾಗಿ ಸೆರೆಗೆ ಹಾಕುವ ಪದ್ಧತಿಯನ್ನು ಬಹುಮಟ್ಟಿಗೆ ತೆಗೆದುಹಾಕಿದ್ದು 1869ರ ಕಾಯ್ದೆ. ಕಾದಂಬರಿ ಬಂದು ಆಗಲೇ ಎರಡು ದಶಕ ಕಳೆದಿತ್ತು.

ಕಾದಂಬರಿ ನಿಜವಾದಾಗ

ಕೊನೆಯ ಕಂತು ಹೊರಬಂದು ವರ್ಷ ತುಂಬುವ ಮೊದಲೇ ಲಂಡನ್ ಇಂಥದೊಂದು ಪತನವನ್ನು ಕಣ್ಣಾರೆ ಕಂಡಿತು. ಲೇಡಿ ಬ್ಲೆಸಿಂಗ್ಟನ್ ಐರ್ಲೆಂಡಿನ ಸಾಧಾರಣ ಮನೆಯಲ್ಲಿ ಹುಟ್ಟಿ, ಅರ್ಲ್ ಒಬ್ಬನನ್ನು ವರಿಸಿ, ರೂಪ ಮತ್ತು ಮಾತುಗಾರಿಕೆಯಿಂದ ಲಂಡನ್ನಿನ ಗಣ್ಯರನ್ನೆಲ್ಲ ತನ್ನ ಗೋರ್ ಹೌಸ್ ಬಂಗಲೆಗೆ ಸೆಳೆದವಳು. ಡಿಕನ್ಸ್, ಡಿಸ್ರೇಲಿ, ಥ್ಯಾಕರೆ ಎಲ್ಲರೂ ಅಲ್ಲಿ ಅತಿಥಿಗಳು. ಆಕೆ ಬೆಕಿಯಂಥವಳಲ್ಲ. ಮನೆ ನಡೆಸಲು ಹಗಲಿರುಳು ಬರೆದವಳು. ಆದರೆ ಐರ್ಲೆಂಡಿನ ಆಲೂಗಡ್ಡೆ ಕ್ಷಾಮದಿಂದ ಗಂಡನ ಎಸ್ಟೇಟಿನ ಆದಾಯ ನಿಂತಿತು, ಸಾಲಗಾರರು ಬಾಗಿಲಿಗೆ ಬಂದರು.

1849ರ ವಸಂತದಲ್ಲಿ ಆಕೆ ಪ್ಯಾರಿಸ್ಸಿಗೆ ಹೊರಟುಹೋದಳು. ಮೇ ತಿಂಗಳಲ್ಲಿ ಗೋರ್ ಹೌಸಿನ ಸಾಮಾನುಗಳ ಹರಾಜು ದಿನಗಟ್ಟಲೆ ನಡೆಯಿತು. ಸಾವಿರಾರು ಜನ ಬಂದು ಕುರ್ಚಿ, ಕನ್ನಡಿ, ಪುಸ್ತಕಗಳನ್ನು ಮುಟ್ಟಿ ನೋಡಿದರು. ಮನೆಯಲ್ಲಿ ಉಳಿದಿದ್ದ ಫ್ರೆಂಚ್ ಸೇವಕ ಒಡತಿಗೆ ಬರೆದ ಪತ್ರ ಉಳಿದುಬಂದಿದೆ. ಬಂದವರಲ್ಲಿ ಥ್ಯಾಕರೆಯ ಕಣ್ಣಲ್ಲಿ ನೀರಿತ್ತು, ನಿಜವಾಗಿ ನೊಂದವರಂತೆ ಕಂಡದ್ದು ಅವರೊಬ್ಬರೇ ಎಂಬುದು ಅದರ ಸಾರ. ಜೂನ್ 4ರಂದು ಆಕೆ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಆ ಬಂಗಲೆ ಇದ್ದ ಜಾಗದಲ್ಲಿ ಈಗ ರಾಯಲ್ ಆಲ್ಬರ್ಟ್ ಹಾಲ್ ಇದೆ.

ಸೆಡ್ಲಿ ಮನೆಯ ಹರಾಜನ್ನು ಬರೆದು ಜಗತ್ತನ್ನು ನಗಿಸಿದವನು ನಿಜವಾದ ಹರಾಜಿನಲ್ಲಿ ಅತ್ತ. ಸಿರಿ ಕಳೆದುಕೊಳ್ಳುವುದೆಂದರೆ ಏನೆಂದು ಅವನಿಗೆ 22ರ ಹರೆಯದಲ್ಲೇ ಗೊತ್ತಾಗಿತ್ತು.

ಲೆಕ್ಕಕ್ಕೆ ಸೇರದವರು

ಕಲ್ಕತ್ತೆಯ ಆ ಪೆಟ್ಟನ್ನು ಥ್ಯಾಕರೆ ಮರೆಯಲಿಲ್ಲ. 1853ರಿಂದ 1855ರವರೆಗೆ ಬಂದ ‘ದಿ ನ್ಯೂಕಮ್ಸ್’ ಕಾದಂಬರಿಯಲ್ಲಿ ಭಾರತದಿಂದ ಮರಳಿದ ಕರ್ನಲ್ ನ್ಯೂಕಮ್ ತನ್ನೆಲ್ಲ ಹಣವನ್ನು ‘ಬುಂದೇಲ್‌ಖಂಡ್ ಬ್ಯಾಂಕ್’ ಎಂಬ ಸಂಸ್ಥೆಯಲ್ಲಿಟ್ಟು ದಿವಾಳಿಯಾಗಿ, ಅನಾಥ ವೃದ್ಧರ ಆಶ್ರಯದಲ್ಲಿ ಪ್ರಾಣ ಬಿಡುತ್ತಾನೆ. ಆದರೆ ಆ ಬ್ಯಾಂಕನ್ನು ಮುಳುಗಿಸಿದ ವಂಚಕ ಯಾರು? ರಮ್ಮನ್ ಲಾಲ್ ಎಂಬ ಭಾರತೀಯ ವ್ಯಾಪಾರಿ! ನಿಜದಲ್ಲಿ ಮುಳುಗಿದ ಕಲ್ಕತ್ತೆಯ ಏಜೆನ್ಸಿ ಮನೆಗಳನ್ನು ನಡೆಸುತ್ತಿದ್ದವರು ಬ್ರಿಟಿಷ್ ವ್ಯಾಪಾರಿಗಳೇ. ಲಂಡನ್ನಿನ ಬಟ್ಲರನ ಬಾಕಿಯನ್ನು ಅಷ್ಟು ನಿಖರವಾಗಿ ಬರೆದಿಟ್ಟ ಲೇಖನಿ ಇಲ್ಲಿ ಕೈ ತಪ್ಪಿದೆ.

ಇನ್ನೂ ಒಂದು ಬಾಕಿ ಅವನ ಪುಸ್ತಕಗಳಲ್ಲಿ ಎಲ್ಲಿಯೂ ಕಾಣಸಿಗದು. ಏಜೆನ್ಸಿ ಮನೆಗಳ ಬಡ್ಡಿಗೆ ಆಧಾರವಾಗಿದ್ದುದು ನೀಲಿ ಬೆಳೆದ ರೈತನ ಬೆವರು. ಮುಂಗಡದ ಹೆಸರಿನಲ್ಲಿ ತಲೆಮೇಲೆ ಹೊರಿಸಿದ ಸಾಲ ತೀರದೆ, ಬೇಡದ ಬೆಳೆ ಬೆಳೆದು ಬೇಸತ್ತ ಬಂಗಾಳದ ರೈತರು 1859ರಲ್ಲಿ ದಂಗೆಯೆದ್ದರು. ಮರುವರ್ಷ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕ ಆ ಸಂಕಟವನ್ನು ಜಗತ್ತಿಗೆ ತಿಳಿಸಿತು. ಥ್ಯಾಕರೆ 1863ರ ಡಿಸೆಂಬರ್ 24ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡ.

ಕಿತ್ತೂರಿನ ಕಡೆ ಮತ್ತೊಮ್ಮೆ ತಿರುಗಿದರೆ ಈ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತು ಮಗನ ಹಕ್ಕನ್ನು ಒಪ್ಪದೆ ಕಲೆಕ್ಟರ್ ಥ್ಯಾಕರೆ ಮಾಡಿದ ಮೊದಲ ಕೆಲಸಗಳಲ್ಲೊಂದು ಕಿತ್ತೂರಿನ ಖಜಾನೆಗೆ ಮುದ್ರೆ ಒತ್ತಿ ಕಾವಲು ಹಾಕಿದ್ದು. ಅದನ್ನು ಒಪ್ಪದ ರಾಣಿ ಕಾದಾಡಿ, ಡಿಸೆಂಬರ್‌ನಲ್ಲಿ ಸೆರೆಯಾಗಿ, 1829ರಲ್ಲಿ ಬೈಲಹೊಂಗಲದಲ್ಲಿ ಬಂಧನದಲ್ಲೇ ಕಣ್ಮುಚ್ಚಿದಳು. ಅಲ್ಲಿ ಸಿರಿ ಹೋದದ್ದು ಆಡಂಬರದಿಂದಲ್ಲ, ಸಟ್ಟಾ ಆಡಿ ಅಲ್ಲ. ಒಂದು ಮುದ್ರೆಯಿಂದ.

‘ವ್ಯಾನಿಟಿ ಫೇರ್’ ಇಂದಿಗೂ ಓದಿಸಿಕೊಳ್ಳುತ್ತಿದೆ. 1935ರ ‘ಬೆಕಿ ಶಾರ್ಪ್’ ಮೂರು ವರ್ಣಗಳ ಟೆಕ್ನಿಕಲರ್‌ನಲ್ಲಿ ಪೂರ್ತಿಯಾಗಿ ತೆಗೆದ ಮೊದಲ ಕಥಾಚಿತ್ರ. 2004ರಲ್ಲಿ ಮೀರಾ ನಾಯರ್ ಈ ಕಥೆಯನ್ನು ತೆರೆಗೆ ತಂದಾಗ ಬೆಕಿಯನ್ನು ಕೊನೆಗೆ ಭಾರತಕ್ಕೇ ಕರೆತಂದರು. ಸಾಲದ ಮೇಲೆ ಮೆರೆದವರು ಮುಳುಗಿದ ಸುದ್ದಿ ಇಂದಿಗೂ ಪತ್ರಿಕೆಗಳ ಮುಖಪುಟಕ್ಕೆ ಬರುತ್ತಿರುತ್ತದೆ. ಓದುಗರು ಅವರ ಬಂಗಲೆ, ಕಾರು, ಔತಣಗಳ ವಿವರ ಓದಿ ನಗುತ್ತಾರೆ. ನಗುವುದರಲ್ಲಿ ತಪ್ಪಿಲ್ಲ, ಥ್ಯಾಕರೆಯೂ ನಕ್ಕ. ಆದರೆ ನಕ್ಕು ಮುಗಿದ ಮೇಲೆ ಅವನು ಸಂಬಳ ಸಿಗದ ಅಡುಗೆಯವಳನ್ನೂ ಬಾಡಿಗೆ ಸಿಗದ ರ್‍ಯಾಗಲ್ಸ್‌ನನ್ನೂ ಹುಡುಕಿಕೊಂಡು ಹೋದ. ಅವನು ನಿಲ್ಲಿಸಿದಲ್ಲಿಂದ ಮುಂದಿನ ಹೆಸರುಗಳನ್ನು ಸೇರಿಸುವ ಕೆಲಸ ಓದುವವರದು.